ಜಪಾನಿನ ಎಳೆಗರಗಸ: ಮಾವನ ಮಾಳಿಗೆ ಮನೆಯ ಪುಟ್ಟ ಚೌಕಟ್ಟು ಕೊಯ್ದ ಮೇಲೆ

ಈ ಗರಗಸ ನನ್ನ ಕೈಗೆ ಬಂದು ಎಂಟು ತಿಂಗಳಾಯಿತು. ಬಂದ ವಾರವೇ ಬರೆಯಬಹುದಿತ್ತು, ಬರೆಯಲಿಲ್ಲ. ಹೊಸ ಗರಗಸ ಯಾವುದಾದರೂ ಮೊದಲ ವಾರ ಚೆನ್ನಾಗಿಯೇ ಕೊಯ್ಯುತ್ತದೆ. ಈಗ ಇದರಲ್ಲಿ 192 ಕೊಯ್ತ ಮುಗಿದಿದೆ, ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಲೆಕ್ಕ ಇಟ್ಟಿದ್ದೇನೆ. ನಾಲ್ಕು ಹಲ್ಲು ಮುರಿದಿದೆ. ಇನ್ನು ಹೇಳಬಹುದು.

ದಾವಣಗೆರೆಯಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ 22 ವರ್ಷದಿಂದ ಫ್ರೇಮಿಗೆ ಗ್ಲಾಸ್ ಕೂರಿಸುವುದು ನನ್ನ ಕೆಲಸ. ಮರಗೆಲಸ ಮನೆತನದ್ದಲ್ಲ, ಕಲಿತದ್ದೂ ಅಲ್ಲ. ಇದಕ್ಕೆ ಕೈ ಹಾಕಿದ್ದು ನಮ್ಮ ಸೋದರಮಾವನ ಮನೆಗೋಸ್ಕರ. ಅವರ ಊರು ಭರಮಸಾಗರದ ಆಚೆ. ಮನೆ ಹಳೇ ಮಾಳಿಗೆ ಮನೆ. ಎರಡು ಸಾಲಿನಲ್ಲಿ ಮೂರು ಮೂರು ಕಂಬ, ಕಂಬದ ತಲೆ ಮೇಲೆ ಬೋದಿಗೆ ಅನ್ನುವ ಅಡ್ಡ ದಿಂಡು, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಅಡ್ಡಲಾಗಿ 22 ಜಂತೆ, ಅದರ ಮೇಲೆ ಹಲಗೆ, ಸೊಪ್ಪು, ಆಮೇಲೆ ಒಂದಡಿ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದ ಹಾಗೆ ಚೌಳು ಮಣ್ಣು. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದರೆ ಫ್ಯಾನ್ ನೆನಪಾಗುವುದಿಲ್ಲ.

ಆ ಮನೆಯ ಒಂದು ಕಂಬದ ಬುಡ ಗೆದ್ದಲು ತಿಂದು ಟೊಳ್ಳಾಗಿದೆ, ಅದೂ ಸಾಲಿನ ನಡುವಿನ ಕಂಬ. ನೋಡಲು ಬಂದ ಕಂಟ್ರಾಕ್ಟರು ಮಾಳಿಗೆ ಪೂರ್ತಿ ಇಳಿಸದೆ ಆ ಕಂಬ ಬದಲಿಸೋಕೆ ಆಗಲ್ಲ, ಹೇಗೂ ಇಳಿಸಿದ ಮೇಲೆ ಆರ್‌ಸಿಸಿ ಹಾಕೋದೇ ವಾಸಿ ಅಂದರು. ಮಾವನ ಮಕ್ಕಳಿಗೂ ಅದೇ ಸರಿ ಅನ್ನಿಸಿತು. ಮಾವ ಮಾತ್ರ ನನ್ನನ್ನು ಹಿತ್ತಲಿಗೆ ಕರೆದು, "ಅಳಿಯಾ, ನೀನು ಅಳತೆ ಹಿಡಿಯೋನು. ಆ ಕಂಬ ಹೆಂಗೆ ಕೂತೈತೆ, ಒಂದನ್ನೇ ಬಿಚ್ಚೋಕೆ ಬರ್ತದೋ ಇಲ್ವೋ, ನೋಡಿ ಹೇಳು" ಅಂದರು.

ಎರಡು ಭಾನುವಾರ ಟೇಪು, ಟಾರ್ಚು ಹಿಡಿದು ಅಳೆದೆ. ಬಿರುಕಿನಲ್ಲಿ ತಂತಿ ತೂರಿಸಿ ಒಳಗಿನ ಆಳ ನೋಡಿದೆ. ಕಂಬದ ತಲೆಯಲ್ಲಿ ಒಂದು ನಾಲಿಗೆ ಬಿಟ್ಟಿದ್ದಾರೆ, ಮೂರಿಂಚು ಉದ್ದ. ಬೋದಿಗೆಯ ಹೊಟ್ಟೆಯಲ್ಲಿ ಅದಕ್ಕೆ ತಕ್ಕ ಕುಳಿ. ನಾಲಿಗೆ ಈಚೆ ಬರಬೇಕಾದರೆ ಮೇಲಿನದನ್ನೆಲ್ಲ ಎತ್ತಬೇಕು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಬುಡದಲ್ಲೂ ಒಂದು ಗಿಡ್ಡ ನಾಲಿಗೆ ಇದೆ, ಅದು ಪೀಠದ ಕಲ್ಲಿನ ಕುಳಿಯಲ್ಲಿ ಕೂತಿದೆ. ಐಟಿಐ ಹುಡುಗರು ಮಾರ್ಟೀಸ್-ಟೆನನ್ ಅನ್ನುವುದು ಇದಕ್ಕೇ. ಬೋದಿಗೆಗೂ ತೊಲೆಗೂ ಮರದ ಗೂಟ. ನಡುವಿನ ಕಂಬದ ನೆತ್ತಿ ಮೇಲೆ ಎರಡು ತೊಲೆಗಳು ಅರ್ಧರ್ಧ ದಪ್ಪ ಕೊಯ್ದು ಕಚ್ಚು ಹಾಕಿ ಒಂದರೊಳಗೊಂದು ಕೂಡಿವೆ. ಇಡೀ ಚೌಕಟ್ಟಿನಲ್ಲಿ ಮೊಳೆ ಒಂದೂ ಕಾಣಲಿಲ್ಲ. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಯಾರಿಗೂ ಅರ್ಥವಾಗಲಿಲ್ಲ, ನನಗೂ ಪೂರ್ತಿ ಆಗಿರಲಿಲ್ಲ. ಕೈಯಲ್ಲಿ ಬಿಚ್ಚಿ ಜೋಡಿಸಿ ನೋಡದೆ ಇದು ತಿಳಿಯುವಂಥದ್ದಲ್ಲ ಅನ್ನಿಸಿ, ಹತ್ತರಲ್ಲಿ ಒಂದು ಅಳತೆಯಲ್ಲಿ ಮರದಲ್ಲೇ ಮಾಡಲು ಕೂತೆ.

ಹತ್ತರಲ್ಲಿ ಒಂದು ಎಂದರೆ 180 ಮಿಲಿಮೀಟರಿನ ಕಂಬ 18 ಆಗುತ್ತದೆ, ಮೂರಿಂಚಿನ ನಾಲಿಗೆ ಏಳೂವರೆ ಮಿ.ಮೀ. ಉದ್ದ, 5 ಮಿ.ಮೀ. ದಪ್ಪ ಆಗುತ್ತದೆ. ನನ್ನ ಕೆಲಸದಲ್ಲಿ ಕಾಲು ಮಿಲಿಮೀಟರ್ ಎಂದರೆ ಏನು ಅಂತ ದಿನಾ ನೋಡುತ್ತೇನೆ. ಗ್ಲಾಸ್ ಅಷ್ಟು ದೊಡ್ಡದಾದರೆ ಫ್ರೇಮ್ ಬಾಯಿ ಬಿಡುತ್ತದೆ, ಅಷ್ಟು ಚಿಕ್ಕದಾದರೆ ಗ್ಲಾಸ್ ಒಳಗೇ ತಿರುಗುತ್ತದೆ. ಈ ನಾಲಿಗೆಯದೂ ಅದೇ ಕಥೆ.

ಮೊದಲು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದೆ. ಅದು ಕಬ್ಬಿಣಕ್ಕೆ ಮಾಡಿದ ಹಲ್ಲು. ತೇಗದ ಹೊಟ್ಟು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ನಾಲ್ಕು ಎಳೆತಕ್ಕೆ ಜಾರತೊಡಗುತ್ತದೆ, ಬ್ಲೇಡು ನಡುವೆ ಬಳುಕಿ ಒಳಗೊಳಗೇ ಓರೆ ಹೋಗುತ್ತದೆ. ಆಮೇಲೆ ಪರಿಚಯದವರೊಬ್ಬರ ಹತ್ತಿರ, ಅಲಗಿನ ಮೇಲಂಚಿಗೆ ಗಟ್ಟಿ ಬೆನ್ನುಪಟ್ಟಿ ಇರುವ ತಳ್ಳುಗರಗಸ ಕೇಳಿ ತಂದೆ. ಒಳ್ಳೆಯದೇ. ಆದರೆ ಅದು ಕೊಯ್ದ ಸಂದಿಯನ್ನು ಅಳೆದರೆ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿಯೇ ಬಂತು. ನನ್ನ ಜಂತೆಯ ಕಚ್ಚು 8 ಮಿ.ಮೀ. ಅಗಲ. ಎರಡು ಬದಿ ಕೊಯ್ದರೆ ಕಚ್ಚಿನ ಕಾಲು ಭಾಗ ಗರಗಸದ ಹೊಟ್ಟೆಗೇ ಹೋಯಿತು. ಇಷ್ಟು ಸಣ್ಣ ಜಾಗದಲ್ಲಿ ಅದರ ಹಲ್ಲು ಶುರುವಿನಲ್ಲೇ ಎಗರಿ ಗೀರು ದಾಟುತ್ತದೆ. ದೊಡ್ಡ ಕಂಬಕ್ಕೆ ಮಾಡಿದ ಸಾಮಾನನ್ನು ಇಲ್ಲಿ ದೂರಿ ಪ್ರಯೋಜನವಿಲ್ಲ.

ಹಾಗಾಗಿ ಈ ಜಪಾನಿನ ಗರಗಸ ತರಿಸಿದೆ. ಬೆನ್ನುಪಟ್ಟಿ ಇರುವ ಇದಕ್ಕೆ ದೊಜುಕಿ ಅನ್ನುತ್ತಾರೆ. ಎರಡೂ ಕಡೆ ಹಲ್ಲಿರುವ ರಿಯೋಬಾ ಅಂತ ಇನ್ನೊಂದು ಬರುತ್ತದೆ, ಅದಕ್ಕೆ ಬೆನ್ನುಪಟ್ಟಿ ಇರುವುದಿಲ್ಲ, ಆಳಕ್ಕೆ ಕೊಯ್ಯಲು ಅದು. ದಾವಣಗೆರೆಯಲ್ಲಿ ಮಂಡಿಪೇಟೆ ಕಡೆ ನಾನು ಕೇಳಿದ ಅಂಗಡಿಗಳಲ್ಲಿ ಎರಡೂ ಇರಲಿಲ್ಲ. ಆನ್‌ಲೈನಿನಲ್ಲಿ 2,850 ರೂಪಾಯಿ ಕೊಟ್ಟೆ.

ಮೊದಲ ಸಲ ಬಂದದ್ದು ಹಾಳಾಗಿತ್ತು. ರಟ್ಟಿನ ಪೆಟ್ಟಿಗೆ ನಡುವಿಗೆ ಮಡಚಿತ್ತು, ಒಳಗಿನ ಅಲಗಿನ ತುದಿ ಸೊಟ್ಟ. ಫೋಟೋ ಕಳಿಸಿದೆ, ಮತ್ತೆ ಕಳಿಸಿದೆ, ಬದಲಿ ಬರುವುದಕ್ಕೆ 19 ದಿನ ಹಿಡಿಯಿತು. ಅಷ್ಟು ತೆಳುವಾದ ಅಲಗನ್ನು ಒಂದು ಪದರ ರಟ್ಟಿನಲ್ಲಿ ಸುತ್ತಿ ಕಳಿಸುವುದು ತಪ್ಪು, ಇದನ್ನು ನಾನು ಮಾರಿದವರಿಗೂ ಬರೆದಿದ್ದೇನೆ. ನೀವು ತರಿಸಿದರೆ ಪಾರ್ಸೆಲ್ ತಂದವನ ಮುಂದೆಯೇ ಬಿಚ್ಚಿ. ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಹಲ್ಲಿನ ಸಾಲಿನುದ್ದಕ್ಕೂ ನೋಡಿ. ಗೆರೆ ಎಳೆದ ಹಾಗೆ ನೇರ ಕಾಣಬೇಕು. ಅಲೆ ಕಂಡರೆ ವಾಪಸ್ ಕಳಿಸಿ, ಮನೆಯಲ್ಲಿ ನೇರ ಮಾಡುತ್ತೇನೆ ಅನ್ನುವ ಧೈರ್ಯ ಬೇಡ.

ಅಲಗು 240 ಮಿ.ಮೀ. ಉದ್ದ. ಅಂಗಡಿಯ ಕ್ಯಾಲಿಪರಿನಲ್ಲಿ ದಪ್ಪ ಹಿಡಿದೆ, 0.3 ಮಿ.ಮೀ. ಅದು ಕೊಯ್ದ ಸಂದಿ ಅರ್ಧ ಮಿ.ಮೀ. ಕೂಡ ಇಲ್ಲ. ಹಿಡಿ ಉದ್ದ, ಬೆತ್ತ ಸುತ್ತಿದ್ದು, ಬೆವರಿದ ಕೈಯಲ್ಲೂ ಜಾರುವುದಿಲ್ಲ. ಇಷ್ಟು ತೆಳು ಹೇಗೆ ಸಾಧ್ಯ ಅಂದರೆ ಇದು ಕೊಯ್ಯುವುದು ಎಳೆದಾಗ. ಉದ್ದನೆ ಕಾಗದದ ಪಟ್ಟಿಯನ್ನು ಮೇಜಿನ ಮೇಲೆ ತಳ್ಳಿ ನೋಡಿ, ಮಡಚಿಕೊಳ್ಳುತ್ತದೆ. ಅದನ್ನೇ ಎಳೆಯಿರಿ, ಬಿಗಿಯಾಗಿ ನೇರ ನಿಲ್ಲುತ್ತದೆ. ತಳ್ಳುವ ಗರಗಸ ಮಡಚದಿರಲು ದಪ್ಪ ಇರಲೇಬೇಕು, ಇದಕ್ಕೆ ಆ ಹಂಗಿಲ್ಲ.

ಕಂಬದ ನಾಲಿಗೆಯ ಹೆಗಲನ್ನು, ಅಂದರೆ ನಾಲಿಗೆಯ ಬುಡದ ಸುತ್ತ ಬೋದಿಗೆಗೆ ಆನುವ ಮಟ್ಟವನ್ನು, ಇದರಲ್ಲಿ ಹೇಗೆ ಕೊಯ್ದೆ ಅಂತ ಹೇಳಿದರೆ ಗರಗಸದ ಗುಣ ಗೊತ್ತಾಗುತ್ತದೆ. ಪೆನ್ಸಿಲ್ ಗೀರು ಸಾಲದು, ಅದರ ದಪ್ಪವೇ ಅರ್ಧ ಮಿ.ಮೀ. ಬರುತ್ತದೆ. ಕಟ್ಟರ್ ಬ್ಲೇಡನ್ನು ಮಟ್ಟಗೋಲಿಗೆ ಆನಿಸಿ ನಾಲ್ಕೂ ಮುಖಕ್ಕೆ ಸುತ್ತ ಗೀರಿದೆ. ಹೊರಟ ಗೀರು ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕು. ಸೇರದಿದ್ದರೆ ಮರ ಚೌಕವಿಲ್ಲ ಎಂದೇ ಅರ್ಥ, ಮುಂದೆ ಹೋಗಬಾರದು. ಆಮೇಲೆ ತೆಗೆದುಹಾಕುವ ಬದಿಯಿಂದ ಉಳಿಯನ್ನು ಓರೆ ಹಿಡಿದು ಗೀರಿನ ಪಕ್ಕ ಕೂದಲೆಳೆಯಷ್ಟು ಚಕ್ಕೆ ಎತ್ತಿದೆ. ಈಗ ಅಲ್ಲೊಂದು ಸಣ್ಣ ಕಾಲುವೆ, ಅದರ ಒಂದು ಗೋಡೆ ನೆಟ್ಟಗೆ. ಗರಗಸವನ್ನು ಆ ಕಾಲುವೆಯಲ್ಲಿಟ್ಟು, ಅದರ ಭಾರ ಬಿಟ್ಟರೆ ಬೇರೆ ಭಾರ ಹಾಕದೆ ಎಳೆದರೆ ಸರ್ ಅಂತ ಸಣ್ಣ ಸದ್ದು ಬರುತ್ತದೆ, ರವೆಗಿಂತ ನಯವಾದ ಹೊಟ್ಟು ಎದುರಿಗಲ್ಲ, ನನ್ನ ಕಡೆಗೆ ಬೀಳುತ್ತದೆ. ಆರೇಳು ಎಳೆತಕ್ಕೆ ಆರೂವರೆ ಮಿ.ಮೀ. ಆಳ ಮುಗಿದಿರುತ್ತದೆ. ಕೊಯ್ದ ಮುಖಕ್ಕೆ ಉಗುರು ಸವರಿದರೆ ಎಲ್ಲೂ ತಡೆಯುವುದಿಲ್ಲ. ಉಜ್ಜುಕಾಗದ ಮುಟ್ಟಿಸಲೇ ಇಲ್ಲ, ಮುಟ್ಟಿಸಲೂಬಾರದು, ಹೆಗಲಿನ ಮೂಲೆ ದುಂಡಗಾದರೆ ಬೋದಿಗೆ ಮತ್ತು ಕಂಬದ ನಡುವೆ ಬೆಳಕು ಕಾಣುತ್ತದೆ. ಒಂದು ನಾಲಿಗೆಗೆ ಇಂಥ ಎಂಟು ಕೊಯ್ತ, ಹನ್ನೆರಡು ನಾಲಿಗೆಗೆ 96.

ಕೈ ಹದ ಮಾತ್ರ ಕಲಿಯಬೇಕು. ನಮ್ಮ ಕೈಗೆ ತಳ್ಳುವಾಗ ಒತ್ತುವ ಅಭ್ಯಾಸ. ಮೊದಲ ದಿನ ಹಾಗೆ ಒತ್ತಿದೆ, ಅಲಗು ನಡುವೆ ಉಬ್ಬಿತು, ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಮಡಿಕೆ ಬೀಳಲಿಲ್ಲ. ಮೂರ್ನಾಲ್ಕು ಸಂಜೆ ಬೇಡದ ತುಂಡುಗಳ ಮೇಲೆ ಬರೀ ಎಳೆದು ಎಳೆದು ಕೈ ಪಳಗಿಸಿದ ಮೇಲೆಯೇ ಕಂಬಕ್ಕೆ ಬಂದೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಬಡಿಗೇರಜ್ಜ ಇದ್ದಾರೆ. ಎಪ್ಪತ್ತು ದಾಟಿದೆ. ಗರಗಸವನ್ನು ಅವರಿಗೆ ತೋರಿಸದೆ ಇದರ ಬಗ್ಗೆ ಬರೆಯಬಾರದು ಅನ್ನಿಸಿ ಒಯ್ದೆ. ಕೈಯಲ್ಲಿ ಹಿಡಿದು ತಿರುಗಿಸಿ, "ಏನೋ ತಮ್ಮಾ, ಹಲ್ಲು ನನ್ನ ಕಡೆ ನೋಡ್ತಾವಲ್ಲ" ಅಂದರು. ಎಳೆದರೆ ಕೊಯ್ಯುತ್ತದೆ ಅಜ್ಜ, ಅಂದೆ. ಮೇಜಿನ ಹತ್ತಿರ ಹೋಗಲೇ ಇಲ್ಲ. ನೆಲದ ಮೇಲೆ ಕೂತರು, ಮರದ ತುಂಡನ್ನು ಎಡಗಾಲಿನ ಹಿಮ್ಮಡಿಗೆ ಒತ್ತಿ ಹಿಡಿದರು, ಎಳೆದರು. ಮೊದಲ ಎಳೆತವೇ ಗೀರಿನ ಮೇಲೆ. ನಾನು ಮೂರು ಸಂಜೆ ಕಲಿತದ್ದು ಅವರ ಕೈಗೆ ಆಗಲೇ ಗೊತ್ತಿತ್ತು. "ತಳ್ಳೋದಕ್ಕೆ ಬೆಂಚು ಬೇಕಪ್ಪ. ಎಳೆಯೋದಕ್ಕೆ ಕಾಲೇ ಸಾಕು" ಅಂದರು. ಆವತ್ತಿನಿಂದ ನಾನೂ ಮೇಜು ಬಿಟ್ಟು ನೆಲದ ಮೇಲೆ ಕೂತೇ ಮಾಡಿದೆ. ಜಪಾನಿನ ಬಡಗಿಗಳೂ ಹಿಂದಿನಿಂದ ನೆಲದ ಮೇಲೆ ಕೂತು ಕೆಲಸ ಮಾಡುವವರೇ. ಈ ಗರಗಸ ಕೂತ ಮೈಗೆ ಹೊಂದುತ್ತದೆ. ಬೆಂಚು, ಮರ ಕಚ್ಚಿ ಹಿಡಿಯುವ ವೈಸು ಇಲ್ಲ ಅಂತ ಹಿಂಜರಿಯುವವರು ಇದನ್ನು ಗಮನಿಸಿ.

ಅಜ್ಜ ಮೆಚ್ಚದೇ ಇದ್ದದ್ದು ಒಂದಿದೆ, ಅದೇ ಇದರ ದೊಡ್ಡ ಕೊರತೆ. ಹಲ್ಲು ಹರಿತ ಮಾಡುವ ಮೂರುಮೂಲೆ ಅರ ತಂದು ಒಂದು ಹಲ್ಲಿಗೆ ಹಚ್ಚಿ ನೋಡಿದರು. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಹಲ್ಲಿನ ತುದಿಯನ್ನಷ್ಟೇ ಕ್ಷಣಕಾಲ ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಬೆಳಕಿಗೆ ಹಿಡಿದರೆ ಹಲ್ಲಿನ ತುದಿ ಕಪ್ಪು ನೀಲಿ ಕಾಣುತ್ತದೆ. ಹರಿತ ಬಹಳ ಕಾಲ ಬಾಳುತ್ತದೆ, ಆದರೆ ಹೋದ ಮೇಲೆ ಹೋಯಿತು. ಹೊಸ ಅಲಗೇ ಹಾಕಬೇಕು, ಅದಕ್ಕೆ 1,400 ರೂಪಾಯಿ. ಅಜ್ಜನ ಗರಗಸ ಅವರಪ್ಪನ ಕಾಲದ್ದು, ಅರ ಹಾಕಿ ಹಾಕಿ ಅಲಗು ಅರ್ಧ ಅಗಲಕ್ಕೆ ಸವೆದಿದೆ, ಈಗಲೂ ಕೊಯ್ಯುತ್ತದೆ. "ಅರ ಹಾಕ್ಲಿಕ್ಕೆ ಬರದ ಗರಗಸ ನಮ್ದು ಹೆಂಗಾಗ್ತದೆ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ದಿನಾ ಮರಗೆಲಸ ಮಾಡಿ ಹೊಟ್ಟೆ ಹೊರೆಯುವವರಿಗೆ ಇದು ಬೇಡ ಅಂತಲೇ ನಾನೂ ಹೇಳುತ್ತೇನೆ.

ಎರಡನೇ ಕೊರತೆ ನಾರಿನುದ್ದಕ್ಕೆ ಕೊಯ್ಯುವಾಗಿನದ್ದು. ನನ್ನ ಗರಗಸದ ಹಲ್ಲು ನಾರಿಗೆ ಅಡ್ಡ ಕೊಯ್ಯಲು ಮಾಡಿದ್ದು, ಒಂದೊಂದು ಹಲ್ಲೂ ಚಾಕುವಿನ ಹಾಗೆ ನಾರನ್ನು ಕತ್ತರಿಸುತ್ತದೆ. ಉದ್ದಕ್ಕೆ ಸೀಳಲು ಉಳಿಯ ಬಾಯಿಯಂಥ ಹಲ್ಲು ಬೇಕು. ನಾಲಿಗೆಯ ಪಕ್ಕಗಳು ಏಳೂವರೆ ಮಿ.ಮೀ. ಮಾತ್ರ, ಅಲ್ಲಿ ಗೊತ್ತಾಗಲಿಲ್ಲ. ತೊಲೆಯ ಅರ್ಧ ಕಚ್ಚನ್ನು ಉದ್ದಕ್ಕೆ 20 ಮಿ.ಮೀ. ಸೀಳಬೇಕಾಗಿ ಬಂದಾಗ ತಾಳ್ಮೆ ಪರೀಕ್ಷೆ ಮಾಡಿತು, ಕೊನೆಗೆ ಓರೆಯೂ ಹೋಯಿತು. ಒಂದು ತೊಲೆ ದಂಡವಾಯಿತು. ಮತ್ತೊಂದರಲ್ಲಿ ಗೀರಿಗಿಂತ ಒಂದು ಮಿ.ಮೀ. ಹೊರಗೆ ಕೊಯ್ದು, ಉಳಿದದ್ದನ್ನು ಉಳಿಯಿಂದ ಕೆತ್ತಿ ಗೀರಿಗೆ ತಂದೆ. ಇದೇ ಸರಿಯಾದ ದಾರಿ. ಮಾದರಿ ದೊಡ್ಡದಿದ್ದರೆ ರಿಯೋಬಾ ತಗೊಳ್ಳಿ, ಅದರ ಒಂದು ಬದಿಯ ಹಲ್ಲು ಉದ್ದಕ್ಕೆ ಸೀಳಲೆಂದೇ ಇರುವುದು.

ಹಲ್ಲು ಮುರಿದದ್ದು ನನ್ನ ಅಜಾಗರೂಕತೆಯಿಂದ. ಕಂಬ, ತೊಲೆಗೆ ಬಾಗಿಲು ಮಾಡುವವರ ಹತ್ತಿರ ಸಿಕ್ಕ ತೇಗದ ತುಂಡು ಬಳಸಿದೆ. ಜಂತೆಗೆ ಮಾತ್ರ ಮಾವ ಅಟ್ಟದಲ್ಲಿದ್ದ ಹಳೇ ಬೇವಿನ ಜಂತೆಯ ಮೋಟು ಕೊಟ್ಟಿದ್ದರು, ಆ ಮನೆಯ ಮರವೇ ಇರಲಿ ಅಂತ. ಯಾವ ಕಾಲದಲ್ಲೋ ಅದಕ್ಕೆ ತೊಟ್ಟಿಲು ತೂಗುಹಾಕಲು ಮೊಳೆ ಹೊಡೆದಿದ್ದರು, ತಲೆ ಮುರಿದು ಒಳಗೇ ಉಳಿದಿತ್ತು. ಟಕ್ ಅಂದದ್ದೇ ನಿಲ್ಲಿಸಿದೆ, ಅಷ್ಟರಲ್ಲಿ ನಾಲ್ಕು ಹಲ್ಲು ಹೋಗಿತ್ತು. ಹಳೇ ಮರ ಕೊಯ್ಯುವ ಮೊದಲು ಒಂದು ಅಯಸ್ಕಾಂತ ಓಡಿಸಿ ನೋಡಿ. ಹಲ್ಲು ಹೋದ ಜಾಗ ಬಂದಾಗ ಕೈಗೆ ಸಣ್ಣ ಜಗ್ಗು ತಿಳಿಯುತ್ತದೆ, ಆದರೂ ಆಮೇಲಿನ 60 ಕೊಯ್ತ ಅದರಲ್ಲೇ ಮುಗಿಸಿದೆ.

ಕುಳಿ ತೋಡುವುದಕ್ಕೆ ಗರಗಸ ಸಹಾಯಕ್ಕೆ ಬರುವುದಿಲ್ಲ, ಅದಕ್ಕೆ ಉಳಿ ಬೇಕು. ಅಂಗಡಿಯಲ್ಲಿ ಸಿಕ್ಕ ಚಿಕ್ಕ ಉಳಿಯೇ 6 ಮಿ.ಮೀ., ನನ್ನ ಕುಳಿ 5. ಅಜ್ಜ ಸವೆದ ಅರವೊಂದನ್ನು ಸಾಣೆಗೆ ಹಿಡಿದು 4 ಮಿ.ಮೀ. ಉಳಿ ಮಾಡಿಕೊಟ್ಟರು. ಎರಡೆರಡು ಕ್ಷಣಕ್ಕೆ ನೀರಿನಲ್ಲಿ ಅದ್ದುತ್ತಿದ್ದರು, ಬಿಸಿಯಾಗಿ ನೀಲಿ ತಿರುಗಿದರೆ ಉಕ್ಕಿನ ಗಟ್ಟಿತನ ಹೋಗುತ್ತದೆ. ನಾಲ್ಕೂವರೆ ಮಿ.ಮೀ. ಡ್ರಿಲ್‌ನಿಂದ ತೂತು ಮಾಡಿ, ಮೂಲೆಗಳನ್ನು ಆ ಉಳಿಯಿಂದ ಚೌಕ ಮಾಡಿದೆ. ಮೊದಲು ಕುಳಿ, ಆಮೇಲೆ ಅದಕ್ಕೆ ತಕ್ಕಂತೆ ನಾಲಿಗೆ. ನಾಲಿಗೆಯನ್ನು ಸವರಿ ಸಣ್ಣದು ಮಾಡಬಹುದು, ಕುಳಿಯನ್ನು ಮತ್ತೆ ಕಿರಿದು ಮಾಡಲಾಗದು. ತೇಗದಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಮಸೆಗಲ್ಲು ಪಕ್ಕದಲ್ಲೇ ಇರಲಿ.

ಮೇ ತಿಂಗಳಲ್ಲಿ ಕೊಯ್ದ ಜಂತೆಗಳು ಸಲೀಸಾಗಿ ಕೂರುತ್ತಿದ್ದವು. ಜುಲೈ ಮಳೆಗೆ ಅವೇ ಬಿಗಿಯಾಗಿ, ಕೊಡತಿಯಲ್ಲಿ ತಟ್ಟಿ ಕೂರಿಸಬೇಕಾಯಿತು. ಮರ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚು ಕಡಿಮೆ ಉಬ್ಬುವುದೇ ಇಲ್ಲ. ಬೇಸಿಗೆಯಲ್ಲಿ ತೀರಾ ಬಿಗಿ ಮಾಡಿಟ್ಟಿದ್ದರೆ ಮಳೆಗಾಲದಲ್ಲಿ ಕಚ್ಚಿನ ಕಿವಿ ಸೀಳುತ್ತಿತ್ತು.

ಪೀಠದ ಕಲ್ಲುಗಳನ್ನು ಬಳಪದ ಕಲ್ಲಿನಲ್ಲಿ ಮಾಡಿದೆ. ಪ್ಲೈವುಡ್ ಹಲಗೆಯಲ್ಲಿ ಆರು ಚೌಕ ಕಿಂಡಿ ಕೊರೆದು ಕಲ್ಲುಗಳನ್ನು ಅರ್ಧ ಹುದುಗಿಸಿ, ಕೆಳಗಿನಿಂದ ಒಂದೊಂದಕ್ಕೆ ಪಟ್ಟಿ ಕೊಟ್ಟು ಸ್ಕ್ರೂ ಬಿಗಿದೆ. ಅಂಟು ಎಲ್ಲೂ ಹಾಕಲಿಲ್ಲ. ಬೈಕಿನ ಹಿಂದೆ ಮಗನ ತೊಡೆ ಮೇಲೆ ಇಟ್ಟುಕೊಂಡು ಭರಮಸಾಗರ ದಾಟಿ ಒಯ್ದೆವು.

ಮಾವನ ಕಟ್ಟೆಯ ಮೇಲೆ ಇಟ್ಟೆವು. ದಾರಿಯ ಕುಲುಕಾಟಕ್ಕೆ ನಡುವಿನ ಕಂಬದ ಪಟ್ಟಿಯ ಸ್ಕ್ರೂ ಸಡಿಲವಾಗಿತ್ತು. ಮಾವ ಹಲಗೆಯನ್ನು ತಮ್ಮ ಕಡೆಗೆ ಎತ್ತಿದ್ದೇ ತಡ, ಆ ಕಲ್ಲು ಕಿಂಡಿಯಲ್ಲಿ ಕೆಳಕ್ಕೆ ಜಾರಿತು, ಕಲ್ಲಿನ ಜೊತೆ ಕಂಬವೂ ಇಳಿಯಿತು. ಕಂಬದ ನಾಲಿಗೆ ಬೋದಿಗೆಯಿಂದ ಈಚೆ ಬಂತು. ಮೇಲೆ ಬೋದಿಗೆ, ತೊಲೆ, ಜಂತೆ ಎಲ್ಲ ಇದ್ದ ಹಾಗೇ ನಿಂತಿದ್ದವು. ಮಾವ ಕಂಬವನ್ನು ಎರಡು ಬೆರಳಲ್ಲಿ ಓರೆ ಮಾಡಿ ಕಲ್ಲಿನಿಂದ ಎತ್ತಿ ಹೊರಗೆ ತೆಗೆದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಮೇಲಕ್ಕೆ ಎತ್ತಬೇಕು ಎತ್ತಬೇಕು ಅಂತಿದ್ವಿ. ಕೆಳಗೆ ಇಳಿಸಿದ್ರೆ ಆತಲ್ಲ" ಅಂದರು.

ದೊಡ್ಡ ಮನೆಯಲ್ಲಿ ಮೇಲಿನ ಭಾರ ಹಾಗೆ ತಾನಾಗಿ ನಿಲ್ಲುವುದಿಲ್ಲ. ಒಂದು ಘನ ಅಡಿ ಮಣ್ಣು ಸುಮಾರು 45 ಕೆ.ಜಿ. ಆ ಕಂಬದ ಪಾಲಿಗೆ 60 ಚದರಡಿ ಮಾಳಿಗೆ ಎಂದರೆ ಎರಡೂಮುಕ್ಕಾಲು ಟನ್ ಹತ್ತಿರ ಬರುತ್ತದೆ. ಎರಡು ತೊಲೆ ಕೂಡುವುದೂ ಅಲ್ಲೇ ಆದ್ದರಿಂದ ಎರಡೂ ತೊಲೆಗೆ ಬೇರೆ ಬೇರೆ ಆನಿಕೆ ಕೊಡಬೇಕು. ಅಜ್ಜನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎರಡು ಕಡೆ ದಪ್ಪ ದಿಮ್ಮಿ, ಅದರ ಕೆಳಗೆ ಲಾರಿ ಜಾಕಿ, ಭಾರ ಜಾಕಿಗೆ ಬಂದ ಮೇಲೆ ಪೀಠದ ಕಲ್ಲಿನ ಸುತ್ತ ಅಗೆದು ಅದನ್ನು ನಾಲ್ಕಿಂಚು ಕೆಳಕ್ಕೆ ಇಳಿಸುವುದು, ಹಳೇ ಕಂಬ ತೆಗೆದು ಹೊಸದನ್ನಿಟ್ಟು ಕಲ್ಲನ್ನು ಮತ್ತೆ ಎತ್ತಿ ಅಡಿಗೆ ಚಪ್ಪಡಿ ಕೊಡುವುದು ಅಂತ ಅವರೇ ಹೇಳಿದರು. ಒಂದು ದಿನದ ಕೆಲಸ ಅಂದರು. ಮಾವನ ಮಕ್ಕಳು ಮಾದರಿಯನ್ನು ನಾಲ್ಕೈದು ಸಲ ಬಿಚ್ಚಿ ಜೋಡಿಸಿ ನೋಡಿ ಒಪ್ಪಿದ್ದಾರೆ. ಅಷ್ಟು ಸಲ ಬಿಚ್ಚಿದರೂ ಒಂದು ನಾಲಿಗೆಯೂ ಸಡಿಲವಾಗಿಲ್ಲ. ನಾನು ಈ ಗರಗಸಕ್ಕೆ ಅಂಕ ಕೊಡುವುದು ಇದಕ್ಕೇ.

2,850 ರೂಪಾಯಿ ಬೆಲೆ ನನ್ನ ಕೆಲಸಕ್ಕೆ ಸಂದಿತು. ಮಾದರಿ ಮನೆ, ತೇರಿನ ಚೌಕಟ್ಟು, ಸಣ್ಣ ಪೆಟ್ಟಿಗೆ, ಹೀಗೆ 25 ಮಿ.ಮೀ.ಗಿಂತ ಸಣ್ಣ ಮರದಲ್ಲಿ ಕೂಡಿಕೆ ಮಾಡುವವರು ಧೈರ್ಯವಾಗಿ ತಗೊಳ್ಳಿ. ಗೀರುವುದಕ್ಕೆ ಒಳ್ಳೆಯ ಚಾಕು, ಮಟ್ಟಗೋಲು ಮೊದಲು ಹೊಂದಿಸಿಕೊಳ್ಳಿ, ಅವಿಲ್ಲದೆ ಈ ಗರಗಸ ತಪ್ಪು ಜಾಗವನ್ನೂ ಇಷ್ಟೇ ನಯವಾಗಿ ಕೊಯ್ಯುತ್ತದೆ. ಮನೆಯಲ್ಲಿ ಬೇರೆಯವರ ಕೈಗೆ ಸಿಗದ ಹಾಗೆ ಇಡಿ, ತೆಂಗಿನ ಚಿಪ್ಪು ಕೊಯ್ಯಲು ಎತ್ತಿಕೊಂಡರೆ ಮುಗಿಯಿತು.

ಮೆಕ್ಕೆಜೋಳ ಮನೆಗೆ ಬಂದ ಮೇಲೆ ಕಂಬದ ಕೆಲಸ. ಹೊಸ ಕಂಬದ ನಾಲಿಗೆಯನ್ನು ಅಜ್ಜ ತಮ್ಮಪ್ಪನ ಗರಗಸದಲ್ಲೇ ಕೊಯ್ಯುತ್ತಾರಂತೆ. ಗೀರು ಹಾಕುವುದು ನನ್ನ ಪಾಲಿಗೆ ಬಂದಿದೆ. ನಾನು ಹೊಸ ಅಲಗಿಗೆ ಆರ್ಡರ್ ಹಾಕಿದ್ದೇನೆ, ಈ ಸಲ ಮರದ ಪಟ್ಟಿ ಕಟ್ಟಿ ಕಳಿಸಿ ಅಂತ ಬರೆದು.